ಅದು ಮಾಂಜಿ ಅಲ್ಲ ಮಾರಾಯ್ರೇ

ಉಡುಪಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಮಾಂಜಿ (ಪಾಂಫ್ರೆಟ್ ಮೀನು) ಕೆಸರು ವಾಸನೆ ಬಂತು, ಬಾಯಲ್ಲಿ ಹಲ್ಲು ಬೇರೆ ಇತ್ತು, ಮೋಸ ಹೋದ್ನಾ ಅಂತ ಕೇಳಿದ್ದೀರಲ್ಲ. ಹೌದು, ಹೋಗಿದ್ದೀರಿ. ನೀವು ಹೇಳಿದ್ದು ನೋಡಿದ್ರೆ ಅದು ರೂಪಚಂದ್. ಮೂಲ ದಕ್ಷಿಣ ಅಮೆರಿಕದ್ದು, ಈಗ ಆಂಧ್ರದ ಕೆರೆಗಳಲ್ಲಿ ಸಾಕ್ತಾರೆ. ತಿನ್ನಲು ತೊಂದರೆ ಇಲ್ಲ, ಆದರೆ ಮಾಂಜಿಯ ದುಡ್ಡು ಯಾಕೆ ಕೊಡಬೇಕು?

ಮುಂದಿನ ಸಲ ಮೀನನ್ನು ಮಗುಚಿ ಹೊಟ್ಟೆ ನೋಡಿ. ಬಿಳಿ ಮಾಂಜಿಗೆ ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆ ಇರುವುದೇ ಇಲ್ಲ, ರೂಪಚಂದ್‌ಗೆ ಇರುತ್ತದೆ. ಇನ್ನು ಬಾಯಿ ಬಿಡಿಸಿದರೆ ನಮ್ಮ ಹಲ್ಲಿನ ಹಾಗೇ ಚಪ್ಪಟೆ ಹಲ್ಲು, ನನ್ನ ಮಗಳು ನೋಡಿ ಹೆದರಿದ್ದಳು! ಅಂದಹಾಗೆ ಕಪ್ಪು ಮಾಂಜಿ ಕೂಡ ಬಿಳಿ ಮಾಂಜಿಯ ಜಾತಿಯದ್ದಲ್ಲ, ಬೇರೆಯೇ ಕುಟುಂಬದ್ದು. ಆದರೆ ಅದನ್ನು ಯಾರೂ ಮೋಸ ಅನ್ನಲ್ಲ, ಎಲ್ಲರಿಗೂ ಗೊತ್ತಿರುವ ಹೆಸರು.

ಜೂನ್, ಜುಲೈ ಎರಡು ತಿಂಗಳು ಟ್ರಾಲ್ ಬೋಟ್ ಕಡಲಿಗಿಳಿಯಲ್ಲ, ರೇಟು ಏರುತ್ತದೆ, ಆಗ ಇಂಥದ್ದು ಜಾಸ್ತಿ. ತುಂಡು ಮಾಡಿಟ್ಟ ಅಂಜಲ್ (ಸುರ್ಮಯಿ ಮೀನು) ಅಂತೂ ನಾನು ಮುಟ್ಟಲ್ಲ. ಒಮ್ಮೆ ಹೋಟೆಲಲ್ಲಿ ಅಂಜಲ್ ತವಾ ಫ್ರೈ ಅಂತ ಕೊಟ್ಟರು, ಮಸಾಲೆ ಕೆರೆದು ನೋಡಿದರೆ ಒಳಗೆ ಕಡುಗೆಂಪು ಮಾಂಸ, ಅದು ಕೇದರ, ಅಂದ್ರೆ ಟ್ಯೂನಾ ಮೀನು! ಇಡೀ ಮೀನು ಆರಿಸಿ, ಎದುರೇ ಕತ್ತರಿಸಲು ಹೇಳಿ.