ಮೂತ್ರದ ಮಾತ್ರೆ ಶುರುವಾದ ಮೇಲೆ ಅಪ್ಪನಿಗೆ ಗೊಂದಲ: ಪ್ರತಿಕ್ರಿಯೆ

ನಿಮ್ಮ ತಂದೆಗೆ ಒಣಬಾಯಿ, ಮಲಬದ್ಧತೆ, ರಾತ್ರಿ ತಡಬಡ ಮಾತು ಶುರುವಾಗಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮೂರಕ್ಕೂ ಹತ್ತು ದಿನದ ಹಿಂದೆ ಶುರುವಾದ ಮೂತ್ರದ ಮಾತ್ರೆ ಆಕ್ಸಿಬ್ಯುಟಿನಿನ್ ಕಾರಣ ಇರಬಹುದು. ಅದು ಮೂತ್ರಕೋಶದಲ್ಲಿ ನರಗಳ ಸಂದೇಶ ಹಿಡಿಯುವ ಮಸ್ಕರಿನಿಕ್ ಗ್ರಾಹಕಗಳನ್ನು ತಡೆದು ಮೂತ್ರದ ಅವಸರ ತಗ್ಗಿಸುತ್ತದೆ. ಆದರೆ ಅಂಥ ಗ್ರಾಹಕಗಳು ಜೊಲ್ಲು ಗ್ರಂಥಿ, ಕರುಳು, ಮಿದುಳಲ್ಲೂ ಇವೆ. 78ರ ವಯಸ್ಸಲ್ಲಿ ಮಿದುಳಿಗೆ ಬೇಗ ತಟ್ಟುತ್ತದೆ. ಮೈಸೂರಿನಲ್ಲಿ ನಮ್ಮ ಅತ್ತೆಗೂ ಹೀಗೇ ಆಗಿತ್ತು. ಮುದ್ದೆ ಗಂಟಲಲ್ಲಿ ಇಳಿಯದೆ ತುತ್ತು ತುತ್ತಿಗೂ ನೀರು ಕೇಳುತ್ತಿದ್ದರು.

ಮೊದಲು ಮನೆಯಲ್ಲಿರುವ ಎಲ್ಲ ಮಾತ್ರೆ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿ, ಅವುಗಳ ಹಿಂಬದಿಯಲ್ಲಿರುವ ಔಷಧದ ಹೆಸರು ಓದಿ. ಕ್ಲೋರ್‌ಫೆನಿರಮಿನ್ ಇರುವ ಶೀತದ ಮಾತ್ರೆ ಕೊಡುತ್ತಿದ್ದರೆ ನಿಲ್ಲಿಸಿ, ಅದೂ ಇದೇ ಕೆಲಸ ಮಾಡುತ್ತದೆ. ಖಿನ್ನತೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ಹೀಗೇ, ಆದರೆ ಅವನ್ನು ಸುಮ್ನೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಆಮೇಲೆ ಮಾತ್ರೆ ಬರೆದವರಿಗೆ ಇವತ್ತೇ ಫೋನ್ ಮಾಡಿ. ಆಕ್ಸಿಬ್ಯುಟಿನಿನ್ ನಿಲ್ಲಿಸಬಹುದಾ, ಬದಲಿಗೆ ಮಿರಾಬೆಗ್ರಾನ್ ಎಂಬ ಮಾತ್ರೆ ಆಗುತ್ತದಾ ಎಂದು ಕೇಳಿ. ಅದು ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ, ಆದರೆ ಬಿಪಿ ಏರಿಸಬಹುದು. ಪ್ರಾಸ್ಟೇಟ್ ದೊಡ್ಡದಿದೆಯೋ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದೆಯೋ, ಅದನ್ನೂ ತಿಳಿಸಿ.

ಮಾತ್ರೆಯೇ ಕಾರಣ ಅಂತ ಇಲ್ಲಿಂದ ಖಚಿತವಾಗಿ ಹೇಳಲು ಆಗಲ್ಲ. ಮೂತ್ರದ ಸೋಂಕಿನಿಂದಲೂ ವಯಸ್ಸಾದವರಿಗೆ ಗೊಂದಲ ಬರುತ್ತದೆ. ಹಾಗಾಗಿ ಮೂತ್ರ ಪರೀಕ್ಷೆ ಬಿಡಬೇಡಿ.

ಮೂತ್ರ ಪೂರ್ತಿ ಕಟ್ಟಿ ಹೊಟ್ಟೆಯ ಕೆಳಭಾಗ ಬಿಗಿದರೆ, ಕಣ್ಣು ನೋವಿನ ಜೊತೆ ದೃಷ್ಟಿ ಮಂಜಾದರೆ, ಜ್ವರ ಜಾಸ್ತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಫೋನಿಗೆ ಕಾಯಬೇಡಿ. ಮಂಡ್ಯದಲ್ಲೇ ಇದ್ದೀರಲ್ವಾ, ನೇರ ಮಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆ ಮಾತ್ರೆಗಳ ಕವರ್ ಜೊತೆಗಿರಲಿ.