ಟಿಸಿ ಮಾತು ಬಿಡಿ ಸರ್, ನಳದ ಹತ್ತಿರ ಹೋಗಿ ನಿಲ್ಲಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಪ್ರಭಾರಿ ಮುಖ್ಯಗುರು. 7ನೇ ತರಗತಿಯಲ್ಲಿ ಊರಿನ ಹುಡುಗರು, ತಾಂಡಾದ ಹುಡುಗರು ಅಂತ ಎರಡು ಗುಂಪಾಗಿವೆ. ವಾರಕ್ಕೆ ಎರಡು ಸಲವಾದರೂ ಹೊಡೆದಾಟ. ಹೋದ ತಿಂಗಳು ಊಟದ ತಟ್ಟೆ ತಾಗಿ ಒಬ್ಬನ ಹುಬ್ಬು ಒಡೆಯಿತು. ತಾಂಡಾದ ಇಬ್ಬರಿಗೆ ಟಿಸಿ ಕೊಟ್ಟು ಕಳಿಸಿ ಅಂತ ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರ ಒತ್ತಾಯ. ಬೈದೆ, ಬಿಸಿಲಲ್ಲಿ ನಿಲ್ಲಿಸಿದೆ, ಪಾಲಕರನ್ನು ಕರೆಸಿದೆ. ನಾಲ್ಕು ದಿನ ಸುಮ್ಮನಿರುತ್ತಾರೆ, ಮತ್ತೆ ಅದೇ. ಏನು ಮಾಡಲಿ?
— ಒಬ್ಬ ಮುಖ್ಯಗುರು, ಯಾದಗಿರಿ ಜಿಲ್ಲೆ

ಉತ್ತರ: ಸರ್, ಮೊದಲು ಟಿಸಿ ಮಾತು. ಕೊಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹೊರಗೆ ಹಾಕುವ ಹಾಗಿಲ್ಲ. ಬಿಸಿಲಲ್ಲಿ ನಿಲ್ಲಿಸುವುದೂ 17ನೇ ಕಲಂ ಪ್ರಕಾರ ತಪ್ಪು, ಅದನ್ನು ಇವತ್ತೇ ಬಿಟ್ಟುಬಿಡಿ. ಆ ಇಬ್ಬರು ಶಾಲೆ ಬಿಟ್ಟರೆ ಎಲ್ಲಿಗೆ ಹೋಗುತ್ತಾರೆ ಅಂತ ನಿಮಗೂ ಗೊತ್ತು, ಅಲ್ವಾ? ಅಪ್ಪ ಅವ್ವನ ಜೊತೆ ಪುಣೆಗೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ. ಮತ್ತೆ ಶಾಲೆಯ ಮುಖ ನೋಡುವುದಿಲ್ಲ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಮಾತು 'ಊಟದ ತಟ್ಟೆ'. ಕಲಬುರಗಿ ಹತ್ತಿರದ ಶಾಲೆಯಲ್ಲಿ ನಾನು ಮುಖ್ಯಗುರು ಆಗಿದ್ದಾಗ ಇಂಥದ್ದೇ ಜಗಳ ಇತ್ತು. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಜಗಳ ಎಲ್ಲಿ ಆಯಿತು, ಎಷ್ಟು ಹೊತ್ತಿಗೆ, ಯಾರ್ಯಾರು ಇದ್ದರು. ಮುಕ್ಕಾಲು ಪಾಲು ಜಗಳ ಊಟ ಆದ ಮೇಲೆ ನಳದ ಹತ್ತಿರವೇ ಆಗಿದ್ದವು. ಆಗ ಅಲ್ಲೇ ಹೋಗಿ ನಿಂತು ನೋಡಿದೆ. ತಾಂಡಾದ ಮಕ್ಕಳು ದೂರದಿಂದ ನಡೆದು ಬರುವವರು, ಪ್ರಾರ್ಥನೆಗೆ ತಡವಾಗುತ್ತಿತ್ತು, ಹಿಂದೆ ನಿಲ್ಲುತ್ತಿದ್ದರು, ತರಗತಿಯಲ್ಲೂ ಹಿಂದೆ, ಊಟದ ಸಾಲಿನಲ್ಲೂ ಹಿಂದೆ, ಅವರು ತಟ್ಟೆ ತೊಳೆಯಲು ಬರುವ ಹೊತ್ತಿಗೆ ಟ್ಯಾಂಕಿನ ನೀರು ಖಾಲಿ. ಸಾರು ಒಣಗಿದ ತಟ್ಟೆ ಕೈಯಲ್ಲಿ ಹಿಡಿದು ನಿಂತವನ ಮುಂದೆ ಇನ್ನೊಬ್ಬ ನೀರು ಎರಚಾಡಿಕೊಂಡು ನಗುತ್ತಾ ಹೋದರೆ ಸಿಟ್ಟು ಬರದೇ ಇರುತ್ತದಾ? ಆ ಗುಂಪುಗಳನ್ನು ಮಾಡಿದ್ದು ಹುಡುಗರಲ್ಲ, ನಾವು ನಿಲ್ಲಿಸಿದ ಸಾಲು.

ಮರುದಿನದಿಂದ ಹಾಜರಿ ನಂಬರಿನ ಪ್ರಕಾರ ಊಟಕ್ಕೆ ಕೂರಿಸಿದೆ. ನೀರು ಬಿಡುವ ಕೆಲಸ 7ನೇ ತರಗತಿಯ ಇಬ್ಬರಿಗೆ, ಒಬ್ಬ ಊರಿನವನು, ಒಬ್ಬ ತಾಂಡಾದವನು. ಬಿಸಿಯೂಟಕ್ಕೆ ಅಕ್ಷರ ದಾಸೋಹ ಅಂತ ಹೆಸರು. ಶರಣಬಸವೇಶ್ವರರ ದಾಸೋಹದ ನೆಲದವರು ನಾವು, ಪಂಕ್ತಿಯಲ್ಲಿ ಕೊನೆ ಅನ್ನುವುದು ಇರಬಾರದು ಅಂತ ನಮಗೆ ಯಾರೂ ಬಂದು ಹೇಳಬೇಕಿಲ್ಲ.

ಇನ್ನು ವಿಚಾರಣೆ. 'ಯಾರು ಮೊದಲು ಶುರು ಮಾಡಿದ್ದು' ಅಂತ ಕೇಳಬೇಡಿ. 'ಅವನೇ ರೀ ಸರ' ಅಂತ ಇಬ್ಬರೂ ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಎಲ್ಲರ ಮುಂದೆ ಕೇಳಬೇಡಿ. ಒಬ್ಬೊಬ್ಬನನ್ನೇ ಕರೆದು, ಪಕ್ಕದಲ್ಲಿ ಕೂತು, ಏನಾಯಿತು, ನಿನಗೆ ಎಲ್ಲಿ ನೋವಾಯಿತು, ಈಗ ಏನಾದರೆ ಸರಿಹೋಗುತ್ತದೆ ಅಂತ ಕೇಳಿ, ಸುಮ್ಮನೆ ಕಾಯಿರಿ. ಒಬ್ಬ ಹುಡುಗ ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತಾ ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದ, 'ನಮ್ಮವ್ವನ ಬಟ್ಟಿ ನೋಡಿ ನಕ್ಕಾರ್ರಿ ಟೀಚರ್.' ಅವ್ವ ಎಸ್‌ಡಿಎಂಸಿ ಸಭೆಗೆ ಲಂಬಾಣಿ ಉಡುಗೆಯಲ್ಲಿ ಬಂದಿದ್ದರು. ನಕ್ಕವನಿಗೆ ಅದು ನೆನಪೇ ಇರಲಿಲ್ಲ. ಇಬ್ಬರನ್ನೂ ಕೂರಿಸಿ ಇದನ್ನು ಆಡಿಸಿದಾಗ ನಕ್ಕವನ ಮುಖ ಕೆಳಗಾಯಿತು. ಕ್ಷಮೆ ಕೇಳು ಅಂತ ನಾನು ಹೇಳಲಿಲ್ಲ. ಒತ್ತಾಯಕ್ಕೆ ಕೇಳಿದ ಕ್ಷಮೆ ಗೇಟು ದಾಟುವವರೆಗೂ ಉಳಿಯುವುದಿಲ್ಲ.

ಆದರೆ ಒಂದು ಎಚ್ಚರ. ಐದು ಜನ ಸೇರಿ ಒಬ್ಬನನ್ನೇ ದಿನಾ ಕಾಡುತ್ತಿದ್ದರೆ, ಜಾತಿ ಎತ್ತಿ ಬೈದಿದ್ದರೆ, ಅದು ಜಗಳ ಅಲ್ಲ. ಅಲ್ಲಿ ಕೈ ಕುಲುಕಿಸಿ ರಾಜಿ ಮಾಡಿಸಲೇಬೇಡಿ. ಮೊದಲು ಆ ಮಗುವನ್ನು ಕಾಪಾಡಿ, ತಪ್ಪನ್ನು ತಪ್ಪು ಅಂತ ಹೇಳಿ. ಮಿತಿಮೀರಿದರೆ ಮಕ್ಕಳ ಸಹಾಯವಾಣಿ 1098 ಇದೆ.

ನಾಲ್ಕು ದಿನ ಸುಮ್ಮನಿರುತ್ತಾರೆ ಅಂತ ಬರೆದಿದ್ದೀರಿ. ಶಾಂತಿಯ ಬಗ್ಗೆ ಅಧ್ಯಯನ ಮಾಡಿದ ನಾರ್ವೆಯ ವಿದ್ವಾಂಸ ಯೋಹಾನ್ ಗಾಲ್ಟುಂಗ್ 1964ರಲ್ಲೇ ಎರಡು ಬಗೆಯ ಶಾಂತಿಯನ್ನು ಬೇರೆ ಮಾಡಿ ಹೇಳಿದ್ದರು: ಬಡಿದಾಟ ನಿಂತಿರುವುದು ಒಂದು ಶಾಂತಿ, ಜನ ಒಂದಾಗಿ ಬಾಳುವುದು ಇನ್ನೊಂದು. ನಿಮ್ಮ ಶಾಲೆಯಲ್ಲಿ ಸದ್ಯ ಮೊದಲನೆಯದೇ ಬಂದು ಹೋಗುತ್ತಿದೆ.

ಎಸ್‌ಡಿಎಂಸಿ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು, ದುರ್ಬಲ ವರ್ಗದ ಪಾಲಕರಿಗೆ ಅವರ ಪಾಲು ಸಿಗಬೇಕು. ನಿಮ್ಮಲ್ಲಿ ತಾಂಡಾದ ತಾಯಂದಿರು ಎಷ್ಟು ಜನ ಇದ್ದಾರೆ? ಟಿಸಿ ಕೊಡಿ ಅಂದ ದಿನ ಅವರಲ್ಲಿ ಯಾರಾದರೂ ಸಭೆಯಲ್ಲಿದ್ದರಾ? ಮುಂದಿನ ಸಭೆಯನ್ನು ಒಂದು ಸಂಜೆ, ಅವರು ಕೂಲಿ ಮುಗಿಸಿ ಬಂದ ಮೇಲೆ, ತಾಂಡಾದಲ್ಲೇ ಇಡಿ.

ನಾಳೆ ಮಧ್ಯಾಹ್ನ ಬೈಯದೆ, ಸೀಟಿ ಊದದೆ, ನಳದ ಹತ್ತಿರ ಸುಮ್ನೆ ನಿಂತು ನೋಡಿ ಸರ್. ಏನು ಕಂಡಿತು ಅಂತ ನನಗೆ ಬರೆಯಿರಿ.