ವ್ಯಾಸೆಕ್ಟಮಿಯಾಗಿ 11 ವರ್ಷ: ಸಣ್ಣ ಗಾಯದ ರಿವರ್ಸಲ್ ಫಲಿಸುತ್ತದೆಯೇ?

ವ್ಯಾಸೆಕ್ಟಮಿ (ಗಂಡಸರ ಸಂತಾನ ನಿಯಂತ್ರಣ ಆಪರೇಷನ್) ಆಗಿ 11 ವರ್ಷವಾಗಿದೆ, ಆಗ ಕತ್ತರಿಸಿದ ವೀರ್ಯನಾಳವನ್ನು ಮತ್ತೆ ಜೋಡಿಸುವ ರಿವರ್ಸಲ್‌ಗೆ ಒಂದು ಸೆಂಟಿಮೀಟರ್ ಗಾಯ, ಅದೇ ದಿನ ಮನೆಗೆ ಎನ್ನುತ್ತಾರೆ, ನಂಬಬಹುದೇ ಎಂದು ಕೇಳಿದ್ದೀರಿ. ನಂಬಬಹುದು. ಆದರೆ ಗಾಯ ಚಿಕ್ಕದಾದರೆ ನೋವು, ಊತ ಕಡಿಮೆ, ಅಷ್ಟೇ. ಮಗುವಾಗುವುದಕ್ಕೂ ಅದಕ್ಕೂ ನಂಟಿಲ್ಲ.

ಎಲ್ಲವೂ ನಿಂತಿರುವುದು ಹೊಲಿಗೆಯ ಮೇಲೆ. ವೀರ್ಯನಾಳದ ಹೊರ ಅಗಲ 2–3 ಮಿ.ಮೀ. ಇದ್ದರೂ ಒಳಗಿನ ರಂಧ್ರ ಅರ್ಧ ಮಿ.ಮೀ. ಆಸುಪಾಸು. ಗಟ್ಟಿಯಾದ ತುದಿಗಳನ್ನು ಕತ್ತರಿಸಿ ತೆಗೆದು, ಮೈಕ್ರೋಸ್ಕೋಪಿನಡಿ ಒಳಪದರಕ್ಕೆ 10-0, ಹೊರಗಿನ ಸ್ನಾಯುಪದರಕ್ಕೆ 9-0 ಅಳತೆಯ ತೀರಾ ತೆಳುವಾದ ನೈಲಾನ್ ದಾರ ಹಾಕುತ್ತಾರೆ. ತುದಿಗಳನ್ನು ಎಳೆದು ಕಟ್ಟಿದರೆ ಹೊಲಿಗೆ ಸಡಿಲವಾಗಿ ವೀರ್ಯಾಣು ಸೋರುತ್ತದೆ, ಅಲ್ಲೇ ಗಂಟು ಕಟ್ಟಿ ನಾಳ ಮತ್ತೆ ಮುಚ್ಚುತ್ತದೆ. ನಾಳದ ಸುತ್ತಲಿನ ಪೊರೆಯನ್ನು ಅತಿಯಾಗಿ ಬಿಡಿಸಿದರೆ ರಕ್ತ ಸಿಗದೆ ಅದೇ ಗತಿ.

ನಿಜವಾದ ತೀರ್ಮಾನ ಆಗುವುದು ಆಪರೇಷನ್ ನಡುವೆ. ವೃಷಣದ ಕಡೆಯ ತುದಿಯಿಂದ ಬರುವ ದ್ರವವನ್ನು ಗಾಜಿನ ಮೇಲೆ ಹಾಕಿ ನೋಡುತ್ತಾರೆ. ತಿಳಿಯಾಗಿದ್ದರೆ, ಅಥವಾ ವೀರ್ಯಾಣು ಕಂಡರೆ, ನಾಳಕ್ಕೆ ನಾಳ ಜೋಡಿಸಿದರೆ ಸಾಕು. ಪೇಸ್ಟಿನಂತೆ ದಪ್ಪಗಿದ್ದು ವೀರ್ಯಾಣುವೇ ಇಲ್ಲದಿದ್ದರೆ, ವರ್ಷಗಟ್ಟಲೆಯ ಒತ್ತಡಕ್ಕೆ ಎಪಿಡಿಡಿಮಿಸ್ (ವೃಷಣಕ್ಕೆ ಅಂಟಿಕೊಂಡಿರುವ, ವೀರ್ಯಾಣು ಹಾದುಬರುವ ಸುರುಳಿ ನಾಳ) ಒಡೆದು ಅಲ್ಲೂ ಅಡ್ಡಿಯಾಗಿದೆ ಎಂದರ್ಥ. ಆಗ ನಾಳವನ್ನು ನೇರವಾಗಿ ಎಪಿಡಿಡಿಮಿಸ್‌ಗೇ ಜೋಡಿಸಬೇಕು. ಇದು ಬಹಳ ಕಷ್ಟದ ಕೆಲಸ. 11 ವರ್ಷದ ನಂತರ ಈ ಸಾಧ್ಯತೆ ಕಡಿಮೆಯೇನಲ್ಲ. ಹಾಗಾಗಿ ಗಾಯದ ಅಳತೆ ಕೇಳುವ ಬದಲು, "ಅಗತ್ಯ ಬಿದ್ದರೆ ಆ ಜೋಡಣೆಯನ್ನೂ ಅದೇ ಹೊತ್ತಿಗೆ ನೀವೇ ಮಾಡುತ್ತೀರಾ?" ಎಂದು ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿ.

1991ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ವ್ಯಾಸೆಕ್ಟಮಿಯಾಗಿ 9–14 ವರ್ಷ ಕಳೆದಿದ್ದವರಲ್ಲಿ ಶೇ. 79ರಷ್ಟು ಜನರಿಗೆ ವೀರ್ಯಾಣು ಮರಳಿತ್ತು, ಗರ್ಭ ನಿಂತದ್ದು ಶೇ. 44. ಈ ಅಂತರಕ್ಕೆ ಹೆಂಡತಿಯ ವಯಸ್ಸು ದೊಡ್ಡ ಕಾರಣ, ಅವರ ತಪಾಸಣೆ ಮೊದಲೇ ಆಗಲಿ.

ಆಪರೇಷನ್ 2–4 ಗಂಟೆ. ನಂತರ ಕೆಲವು ವಾರ ಬಿಗಿಯಾದ ಒಳಉಡುಪು ಬೇಕು, ಭಾರ ಎತ್ತಬಾರದು. ವೀರ್ಯ ಸ್ಖಲನ 2–4 ವಾರ ಬೇಡ. ಮೊದಲ ವೀರ್ಯ ಪರೀಕ್ಷೆ ಸುಮಾರು 6 ವಾರಕ್ಕೆ. ಎಪಿಡಿಡಿಮಿಸ್ ಜೋಡಣೆಯಾಗಿದ್ದರೆ ವೀರ್ಯಾಣು ಕಾಣಲು ಒಂದು ವರ್ಷವೂ ಹಿಡಿಯಬಹುದು. ಕಂಡ ಕೂಡಲೇ ಒಂದಷ್ಟನ್ನು ಘನೀಕರಿಸಿ ಇಡಿಸಿ. ತೆರೆದ ನಾಳ ತಿಂಗಳುಗಳ ನಂತರ ಮತ್ತೆ ಕಿರಿದಾಗುವುದುಂಟು.